ಸ್ಯಾಂಪಲ್ ವಾದ್ಯವೃಂದದಲ್ಲಿ ಭಾವನಿಯಂತ್ರಕಗಳ ಬಳಕೆ

ವಾದ್ಯವೃಂದದ ಪ್ರತಿಯೊಂದು ವಾದ್ಯವನ್ನೂ ಸ್ವರಸ್ವರವಾಗಿ ಧ್ವನಿಮುದ್ರಿಸಿ, ಆ ತುಣುಕುಗಳನ್ನು ಕೀಬೋರ್ಡಿನ ಮನೆಗಳಿಗೆ ಹೊಂದಿಸಿಕೊಟ್ಟಿರುವ ತಂತ್ರಾಂಶವನ್ನು ಸ್ಯಾಂಪಲ್ ಲೈಬ್ರರಿ ಎನ್ನುತ್ತಾರೆ. ಮನೆ ಒತ್ತಿದ ಮೇಲೆ ಆ ಸ್ವರ ಹೇಗೆ ಏರಬೇಕು, ಎಷ್ಟು ಕಂಪಿಸಬೇಕು, ಮುಂದಿನ ಸ್ವರಕ್ಕೆ ಜಾರಿ ಹೋಗಬೇಕೋ ಬಿಟ್ಟು ಹಿಡಿಯಬೇಕೋ ಎಂಬುದನ್ನು ತೀರ್ಮಾನಿಸುವ ಚಕ್ರ, ಫೇಡರ್, ಪೆಡಲ್, ಸ್ವಿಚ್ ಮತ್ತು ಊದುಕೊಳವೆಗಳೇ ಭಾವನಿಯಂತ್ರಕಗಳು. ಪಿಯಾನೊ, ತಬಲಾ, ಸಂತೂರ್‌ಗಳಲ್ಲಿ ಸ್ವರದ ಹಣೆಬರಹ ಪೆಟ್ಟು ಬಿದ್ದ ಕ್ಷಣದಲ್ಲೇ ಬಹುಪಾಲು ನಿರ್ಧಾರವಾಗುತ್ತದೆ. ಪಿಟೀಲು, ಕೊಳಲು, ಶಹನಾಯಿಗಳಲ್ಲಿ ಹಾಗಲ್ಲ. ಕಮಾನು ಓಡುತ್ತಿರುವಷ್ಟು ಹೊತ್ತು, ಉಸಿರು ಹೋಗುತ್ತಿರುವಷ್ಟು ಹೊತ್ತು ಸ್ವರ ಬದಲಾಗುತ್ತಲೇ ಇರುತ್ತದೆ. ಈ ಎರಡನೆಯ ಗುಂಪಿನ ವಾದ್ಯಗಳನ್ನು ಕಂಪ್ಯೂಟರಿನಲ್ಲಿ ನುಡಿಸುವವರಿಗೆ ನಿಯಂತ್ರಕಗಳ ಬಳಕೆಯೇ ಮುಖ್ಯ ವಿದ್ಯೆ, ಮನೆ ಒತ್ತುವುದು ಅದರ ಆರಂಭ ಮಾತ್ರ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸಿಂಫನಿ ವಾದ್ಯವೃಂದ ಇಲ್ಲ. ಆದರೆ ಮನೆಗಳನ್ನೊತ್ತಿ ಉದ್ದನೆಯ ಸ್ವರಗಳಿಗೆ ಜೀವ ತುಂಬುವ ಕಸುಬು ಇಲ್ಲಿ ಹಳೆಯದು. ಬಯಲಾಟದ ಹಿಮ್ಮೇಳದಲ್ಲಿ ಮದ್ದಳೆ, ತಾಳ, ಮುಖವೀಣೆಗಳ ಜೊತೆ ಹಾರ್ಮೋನಿಯಂ ಸೇರಿಕೊಂಡಿತು. ವೃತ್ತಿ ನಾಟಕ ಕಂಪನಿಗಳಲ್ಲಂತೂ ಪೇಟಿ ಮಾಸ್ತರನೇ ಸಂಗೀತದ ಯಜಮಾನ. ಹಳ್ಳಿಯ ಹವ್ಯಾಸಿಗಳು ಜಾತ್ರೆಗೆ ನಾಟಕ ಕಲಿಯುವಾಗಲೂ ಮಾತು, ಹಾಡು, ನಡೆ ಎಲ್ಲವನ್ನೂ ಹೇಳಿಕೊಡುವವನು ಅವನೇ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಗದಗ ಸೀಮೆ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಅಂಧ ಮಕ್ಕಳಿಗೆ ಗಾಯನ ವಾದನ ಕಲಿಸಿದರು. ಆಶ್ರಮಕ್ಕೆ ತನ್ನದೇ ನಾಟಕ ಕಂಪನಿಯೂ ಇತ್ತು. ಹಡಗಲಿಯಲ್ಲಿ ಎಂ. ಪಿ. ಪ್ರಕಾಶ್ ಕಟ್ಟಿದ ರಂಗಭಾರತಿ ಹೊಸ ನಾಟಕಗಳ ರುಚಿ ಹತ್ತಿಸಿತು. ಇಂದು ಜಾತ್ರೆಯ ನಾಟಕ, ರಸಮಂಜರಿ, ಭಜನೆಗಳಲ್ಲಿ ಪೇಟಿಯ ಪಕ್ಕ ಕೀಬೋರ್ಡು, ರಿದಂ ಪ್ಯಾಡು ಬಂದು ಕೂತಿವೆ. ಕೀಬೋರ್ಡು ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಅದು ‘ಕ್ಯಾಸಿಯೊ’.

ಪೇಟಿಗೂ ಭಾವನಿಯಂತ್ರಕಗಳಿಗೂ ಇರುವ ನಂಟು ಸಾಂಕೇತಿಕವಲ್ಲ, ವಂಶಾವಳಿಯದು. ಗಾಳಿಯ ಒತ್ತಡದಿಂದ ಸ್ವರದ ಬಲವನ್ನು ಏರಿಳಿಸಬಲ್ಲ ರೀಡಿನ ವಾದ್ಯವನ್ನು ಫ್ರಾನ್ಸಿನ ಗ್ರೆನಿಯೆ 1810ರ ಸುಮಾರಿಗೆ ರೂಪಿಸಿದ. ಅದನ್ನು ಸುಧಾರಿಸಿ ಹಾರ್ಮೋನಿಯಂ ಎಂಬ ಹೆಸರಿನಲ್ಲಿ 1840ರ ದಶಕದ ಆರಂಭದಲ್ಲಿ ಹಕ್ಕುಪತ್ರ ಪಡೆದವನು ಡೆಬೇನ್. ಯುರೋಪಿನ ಹಾರ್ಮೋನಿಯಂಗಳಲ್ಲಿ ಎಕ್ಸ್‌ಪ್ರೆಶನ್ ಎಂಬ ಗುಂಡಿಯನ್ನು ಎಳೆದರೆ ಗಾಳಿ ಸಂಗ್ರಹವಾಗುವ ಒಳಚೀಲದ ದಾರಿ ಮುಚ್ಚಿ, ಕಾಲಿನ ಒತ್ತಡ ನೇರವಾಗಿ ರೀಡಿಗೆ ತಲುಪುತ್ತಿತ್ತು. ಕಾಲು ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಏರುದನಿ. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರಲ್ಲಿ ಕೈತಿದಿಯ ಹಾರ್ಮೋನಿಯಂ ತಯಾರಿಸಿದ ಮೇಲೆ ಅದು ದೇಶದ ತುಂಬ ಹರಡಿತು. ಕಾಲ್ಪೇಟಿ ಮಾತ್ರ ನಾಟಕ ಕಂಪನಿಗಳಲ್ಲಿ ಉಳಿದುಕೊಂಡಿತು, ಏಕೆಂದರೆ ಅದನ್ನು ನುಡಿಸುವಾಗ ಎರಡೂ ಕೈ ಬಿಡುವಾಗಿರುತ್ತವೆ. ತಿದಿಯನ್ನು ಬಲ್ಲ ಮಾಸ್ತರನಿಗೆ ಇಂದಿನ ಎಕ್ಸ್‌ಪ್ರೆಶನ್ ಪೆಡಲಿನ ತತ್ವವನ್ನು ಪಾಠ ಹೇಳಬೇಕಾಗಿಲ್ಲ. ಹಾರ್ಮೋನಿಯಂಗೆ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬಾರದು, ಅದರ ಶ್ರುತಿ ರಾಗಗಳಿಗೆ ಒಗ್ಗದು ಎಂಬ ಆಕ್ಷೇಪದಿಂದ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ಅದೇ ಆಕ್ಷೇಪ ಸ್ಯಾಂಪಲ್ ಲೈಬ್ರರಿಗಳಿಗೂ ಅನ್ವಯಿಸುತ್ತದೆ. ಆ ವಿಚಾರ ಮುಂದೆ ಬರುತ್ತದೆ.

ಧ್ವನಿಮುದ್ರಿತ ಸ್ವರಗಳನ್ನು ಮನೆಗಳಿಗೆ ಜೋಡಿಸುವ ಉಪಾಯ ಕಂಪ್ಯೂಟರಿಗಿಂತ ಹಿಂದಿನದು. 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಮೆಲ್ಲೊಟ್ರಾನಿನಲ್ಲಿ ಪ್ರತಿ ಮನೆಯ ಕೆಳಗೂ ಒಂದು ಟೇಪಿನ ತುಂಡು ಇರುತ್ತಿತ್ತು. ಕೆಲವು ಸೆಕೆಂಡಿಗೆ ಟೇಪು ಮುಗಿದು ಸ್ವರ ನಿಂತುಹೋಗುತ್ತಿತ್ತು. 1979ರ ಫೇರ್‌ಲೈಟ್, 1981ರ ಇಮ್ಯುಲೇಟರ್ ಇದೇ ಕೆಲಸವನ್ನು ಡಿಜಿಟಲ್ ಸ್ಮೃತಿಯಲ್ಲಿ ಮಾಡಿದವು. 1998ರ ಗಿಗಾಸ್ಯಾಂಪ್ಲರ್ ತುಣುಕುಗಳನ್ನು ಹಾರ್ಡ್ ಡಿಸ್ಕಿನಿಂದಲೇ ಓದಿಸಿ, ಸ್ಮೃತಿಯ ಮಿತಿಯನ್ನು ಮುರಿಯಿತು. ಚೆಲ್ಲೊ ವಾದಕ ಹರ್ಬ್ ತುಕ್‌ಮಾಂಡ್ಲ್ ಸ್ಥಾಪಿಸಿದ ವಿಯೆನ್ನಾ ಸಿಂಫೋನಿಕ್ ಲೈಬ್ರರಿಯ ಮೊದಲ ಸಂಗ್ರಹ 2002ರಲ್ಲಿ ಬಂತು. ಒಂದು ಸ್ವರದಿಂದ ಇನ್ನೊಂದಕ್ಕೆ ದಾಟುವ ಆ ಸಂಧಿಯನ್ನೇ ಪ್ರತ್ಯೇಕವಾಗಿ ಧ್ವನಿಮುದ್ರಿಸಿದ್ದು ಅದರ ಹೆಚ್ಚುಗಾರಿಕೆ. ಸ್ವರಗಳನ್ನು ಸಾಲಾಗಿಟ್ಟರೆ ಹಾಡಾಗುವುದಿಲ್ಲ, ನಡುವಿನ ದಾರಿಯೂ ಬೇಕು ಎಂದು ತಂತ್ರಾಂಶದವರು ಒಪ್ಪಿಕೊಂಡ ಗಳಿಗೆ ಅದು.

ಬೆರಳಿನಿಂದ ತಂತ್ರಾಂಶದವರೆಗೆ ಸಂದೇಶ ಒಯ್ಯುವುದು ಮಿಡಿ ಎಂಬ ಒಪ್ಪಂದ. 1983ರ ಜನವರಿಯಲ್ಲಿ ಅಮೆರಿಕದ ಪ್ರದರ್ಶನವೊಂದರಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳನ್ನು ಒಂದು ತಂತಿಯಿಂದ ಜೋಡಿಸಿ ತೋರಿಸಲಾಯಿತು. ಅದೇ ವರ್ಷ ಅದರ ನಿಯಮಾವಳಿ ಪ್ರಕಟವಾಯಿತು. ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಇದರ ಹಿಂದಿದ್ದ ಇಬ್ಬರು ಪ್ರಮುಖರು. ಮಿಡಿಯಲ್ಲಿ ಪ್ರತಿ ನಿಯಂತ್ರಕಕ್ಕೂ ಒಂದು ಸಂಖ್ಯೆಯಿದೆ, ಪ್ರತಿ ಸಂಖ್ಯೆಯೂ 0ಯಿಂದ 127ರವರೆಗೆ ಬೆಲೆ ಪಡೆಯುತ್ತದೆ. ವಾದ್ಯವೃಂದದ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವವು ಐದು: ಸಿಸಿ (ಕಂಟ್ರೋಲ್ ಚೇಂಜ್) 1 ಎಂದರೆ ಮಾಡ್ಯುಲೇಶನ್ ಚಕ್ರ, 2 ಉಸಿರು, 7 ವಾಲ್ಯೂಮ್, 11 ಎಕ್ಸ್‌ಪ್ರೆಶನ್, 64 ಸಸ್ಟೇನ್ ಪೆಡಲ್. ಇವುಗಳಿಂದ ಪ್ರತ್ಯೇಕವಾಗಿ ಮನೆಯನ್ನು ಒತ್ತಿದ ವೇಗ, ಅಂದರೆ ವೆಲಾಸಿಟಿ, ಮತ್ತು ಪಿಚ್ ಬೆಂಡ್ ಚಕ್ರ ಇವೆ.

ಕಲಿಯುವವರು ಮೊದಲು ಎಡವುವುದು 1, 7, 11ರ ನಡುವಿನ ವ್ಯತ್ಯಾಸದಲ್ಲಿ. ಪಿಟೀಲನ್ನು ಮೆಲ್ಲಗೆ ನುಡಿಸಿದಾಗ ಬರುವ ನಾದಕ್ಕೂ ಒತ್ತಿ ನುಡಿಸಿದಾಗ ಬರುವ ನಾದಕ್ಕೂ ಬರೀ ಸದ್ದಿನ ಅಂತರವಿರುವುದಿಲ್ಲ. ಕಮಾನಿನ ಒತ್ತಡ ಹೆಚ್ಚಿದಂತೆ ಮೇಲಿನ ಅನುಸ್ವರಗಳು ಬಲಗೊಂಡು ನಾದದ ಬಣ್ಣವೇ ಮಾರ್ಪಡುತ್ತದೆ. ಅದಕ್ಕಾಗಿ ಒಳ್ಳೆಯ ಲೈಬ್ರರಿಗಳು ಒಂದೇ ಸ್ವರವನ್ನು ಅತಿ ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಹೀಗೆ ಹಲವು ಪದರಗಳಲ್ಲಿ ಧ್ವನಿಮುದ್ರಿಸಿರುತ್ತವೆ. ಸಿಸಿ 1 ಈ ಪದರಗಳ ನಡುವೆ ಓಡಾಡಿಸುತ್ತದೆ: ಚಕ್ರ ಮೇಲೆ ಹೋದಂತೆ ಮೆದು ಪದರ ಕರಗುತ್ತದೆ, ಗಡಸು ಪದರ ಮೂಡುತ್ತದೆ. ಸಿಸಿ 11 ಬಣ್ಣವನ್ನು ಮುಟ್ಟುವುದಿಲ್ಲ, ಸದ್ದನ್ನಷ್ಟೇ ಏರಿಳಿಸುತ್ತದೆ. ಮೆದು ಪದರವನ್ನು ಸಿಸಿ 11ರಿಂದ ಎಷ್ಟೇ ಏರಿಸಿದರೂ ಅದು ಹತ್ತಿರ ಕೂತು ಮೆಲ್ಲಗೆ ನುಡಿಸಿದಂತೆ ಕೇಳುತ್ತದೆಯೇ ಹೊರತು ಆವೇಶ ಬರುವುದಿಲ್ಲ. ಸಿಸಿ 7 ವಾದ್ಯವಾದ್ಯಗಳ ನಡುವಿನ ಸಮತೋಲಕ್ಕೆ. ಅದನ್ನು ಒಮ್ಮೆ ಹೊಂದಿಸಿ ಬಿಟ್ಟುಬಿಡುವುದು ಲೇಸು. 7 ಮತ್ತು 11 ಒಂದಕ್ಕೊಂದು ಗುಣಿಸಿಕೊಳ್ಳುವುದರಿಂದ, ಎರಡನ್ನೂ ಹಾಡಿನುದ್ದಕ್ಕೂ ಕದಲಿಸುತ್ತಿದ್ದರೆ ಮಿಶ್ರಣದ ಹೊತ್ತಿಗೆ ಯಾವುದು ಯಾವ ಸದ್ದನ್ನು ತಗ್ಗಿಸಿತು ಎಂಬುದು ತಿಳಿಯದೆ ಹೋಗುತ್ತದೆ.

ಒಂದು ಉದಾಹರಣೆ ನೋಡಬಹುದು. ನಿಮಿಷಕ್ಕೆ 60 ಮಾತ್ರೆಯ ಲಯದಲ್ಲಿ ಎಂಟು ಮಾತ್ರೆಗಳ ಒಂದು ಸಾಲು, ಅಂದರೆ ಎಂಟು ಸೆಕೆಂಡು. ಪಿಟೀಲುಗಳ ಗುಂಪು ಮಧ್ಯ ಷಡ್ಜದಿಂದ ಹೊರಟು ಐದನೆಯ ಮಾತ್ರೆಗೆ ಪಂಚಮ ಮುಟ್ಟಿ, ರಿಷಭಕ್ಕೆ ಇಳಿದು ನಿಲ್ಲುತ್ತದೆ. ಸಿಸಿ 1 ಸುಮಾರು 35ರಿಂದ ಆರಂಭವಾಗಿ ಮೂರನೆಯ ಮಾತ್ರೆಯ ಹೊತ್ತಿಗೆ 60 ಆಗಲಿ. ಪಂಚಮ ಹಿಡಿಯುವಾಗ 80. ಶಿಖರ ಅಲ್ಲೇ ಅಲ್ಲ, ಪಂಚಮ ಕೂತು ಅರ್ಧ ಮಾತ್ರೆ ಕಳೆದ ಮೇಲೆ 95. ಕಮಾನಿನ ಭಾರ ಸ್ವರ ಹಿಡಿದ ನಂತರವೇ ತುಂಬಿಕೊಳ್ಳುವುದರಿಂದ ಈ ತಡ ಅಗತ್ಯ. ರಿಷಭಕ್ಕೆ ಬರುವಾಗ 55, ಕೊನೆಗೆ 20. ಅತಿ ಮೆದು ಪದರಕ್ಕೂ ತನ್ನದೇ ಒಂದಿಷ್ಟು ಸದ್ದಿರುವುದರಿಂದ, ಪೂರ್ತಿ ಮೌನಕ್ಕೆ ಇಳಿಸಲು ಕೊನೆಯ ಮಾತ್ರೆಯಲ್ಲಿ ಸಿಸಿ 11ನ್ನು ಬಳಸಬೇಕು. ಈ ಗೆರೆಯನ್ನು ಮೌಸಿನಿಂದ ಎಳೆಯಬಹುದು, ಬಲಗೈಯಲ್ಲಿ ನುಡಿಸುತ್ತ ಎಡಗೈಯಲ್ಲಿ ಎರಡು ಫೇಡರುಗಳನ್ನು ಕದಲಿಸಿಯೂ ದಾಖಲಿಸಬಹುದು. ಎರಡನೆಯದರಲ್ಲಿ ಬರುವ ಸಣ್ಣ ಏರುಪೇರು ಸಾಮಾನ್ಯವಾಗಿ ಲಾಭವೇ. ಹೊಸಬರಲ್ಲಿ ಕಾಣುವ ದೋಷ ಪ್ರತಿ ಸ್ವರಕ್ಕೂ ಒಂದೊಂದು ಗುಡ್ಡ ಬರೆಯುವುದು. ಆಗ ಸಾಲು ಹಾಡುವುದಿಲ್ಲ, ಏದುಸಿರು ಬಿಡುತ್ತದೆ. ತಿದಿಯನ್ನು ಸ್ವರಸ್ವರಕ್ಕೂ ಜಗ್ಗುವ ಎಳೆಯ ವಿದ್ಯಾರ್ಥಿಯ ಪೇಟಿಯಲ್ಲಿ ಕೇಳಿಸುವುದೂ ಇದೇ.

ಎರಡು ಪದರಗಳು ಸಂಧಿಸುವ ಜಾಗದಲ್ಲಿ ಎರಡೂ ತುಣುಕುಗಳು ಏಕಕಾಲಕ್ಕೆ ಸದ್ದು ಮಾಡುತ್ತಿರುತ್ತವೆ. ಹದಿನಾರು ಪಿಟೀಲುಗಳ ಗುಂಪಿನಲ್ಲಿ ಇದು ಗೊತ್ತಾಗುವುದಿಲ್ಲ. ಒಂಟಿ ಕೊಳಲು, ಒಂಟಿ ಓಬೊಗಳಲ್ಲಿ ಮಾತ್ರ ಇಬ್ಬರು ನುಡಿಸಿದಂತೆ ಕೇಳುತ್ತದೆ. ಆ ಜಾಗದಲ್ಲಿ ನಿಲ್ಲದೆ ಬೇಗ ದಾಟಿಬಿಡಬೇಕು, ಇಲ್ಲವೇ ಒಂದೇ ಪದರದಲ್ಲಿದ್ದುಕೊಂಡು ಸಿಸಿ 11ರಿಂದ ಕೆಲಸ ಮುಗಿಸಬೇಕು.

ವೆಲಾಸಿಟಿಯ ಪಾತ್ರ ವಾದ್ಯದ ಮೇಲೆ ನಿಂತಿದೆ. ಟಿಂಪನಿ, ಪಿಯಾನೊ, ಬೆರಳಲ್ಲಿ ಮೀಟುವ ಪಿಟೀಲು, ಗಿಡ್ಡ ಕಮಾನಿನ ಸ್ವರ ಇವುಗಳಿಗೆ ಬಲ ಸಿಗುವುದು ವೆಲಾಸಿಟಿಯಿಂದಲೇ. ಉದ್ದನೆಯ ಸ್ವರಗಳಲ್ಲಿ ಅದು ಸದ್ದನ್ನು ಬಿಟ್ಟುಕೊಟ್ಟು ಬೇರೆ ಕೆಲಸ ಹಿಡಿಯುತ್ತದೆ: ಹಲವು ಲೈಬ್ರರಿಗಳಲ್ಲಿ ಮೆಲ್ಲಗೆ ಒತ್ತಿದರೆ ಹಿಂದಿನ ಸ್ವರದಿಂದ ಜಾರಿಕೊಂಡು ಬರುತ್ತದೆ, ಜೋರಾಗಿ ಒತ್ತಿದರೆ ಚುರುಕಾಗಿ ದಾಟುತ್ತದೆ. ಕೊಟ್ಟೂರೇಶ್ವರನ ತೇರಿನ ಮುಂದೆ ಬಡಿಯುವ ಸಮಾಳದಂಥ ವಾದ್ಯವನ್ನು ಸ್ಯಾಂಪಲ್ ಮಾಡುವವರು ಬಲದ ಪದರಗಳ ಜೊತೆಗೆ ಒಂದೇ ಬಲದ ಹಲವು ಪೆಟ್ಟುಗಳನ್ನೂ ಧ್ವನಿಮುದ್ರಿಸಿಕೊಳ್ಳಬೇಕು. ತಂತ್ರಾಂಶ ಅವನ್ನು ಸರದಿಯಲ್ಲಿ ನುಡಿಸುತ್ತದೆ. ಒಂದೇ ಪೆಟ್ಟು ಮರುಕಳಿಸಿದರೆ ಎಷ್ಟು ಒಳ್ಳೆಯ ಮುದ್ರಣವಾದರೂ ಯಂತ್ರದ ಬಡಿತವಾಗಿಬಿಡುತ್ತದೆ.

ಕಮಾನಿನ ಉದ್ದ ಎಳೆತ, ಗಿಡ್ಡ ಎಳೆತ, ಮೀಟು, ನಡುಕ ಇಂಥ ನುಡಿಸುವ ಬಗೆಗಳ ನಡುವೆ ಬದಲಾಯಿಸಲು ಕೀಸ್ವಿಚ್ ಇದೆ. ವಾದ್ಯದ ವ್ಯಾಪ್ತಿಗೆ ಬಾರದ ಕೆಳಗಿನ ಮನೆಗಳು ಸದ್ದು ಮಾಡುವ ಬದಲು ಸ್ವಿಚ್‌ಗಳಂತೆ ವರ್ತಿಸುತ್ತವೆ. ಪಿಟೀಲಿನ ಅತಿ ಕೆಳಗಿನ ತಂತಿ 196 ಹರ್ಟ್ಸ್‌ಗೆ ನಿಲ್ಲುವುದರಿಂದ ಅದರ ಕೆಳಗೆ ಬೇಕಾದಷ್ಟು ಮನೆಗಳು ಖಾಲಿ ಇರುತ್ತವೆ. ಇದರಲ್ಲಿ ಒಂದು ತೊಡಕಿದೆ. ಗಾಯಕನ ಕಂಠಕ್ಕೆ ತಕ್ಕಂತೆ ಬಿಳಿ ಒಂದರಲ್ಲಿದ್ದ ಹಾಡನ್ನು ಕಪ್ಪು ಎರಡಕ್ಕೆ ಏರಿಸಲು ಇಡೀ ಟ್ರ್ಯಾಕನ್ನು ಆಯ್ದು ಮೂರು ಅರ್ಧಸ್ವರ ಮೇಲೆತ್ತಿದರೆ, ಸ್ವಿಚ್ ಮನೆಗಳೂ ಜೊತೆಗೆ ಮೇಲೇರುತ್ತವೆ. ಉದ್ದ ಎಳೆತ ಇದ್ದಕಡೆ ಮೀಟು ಕೇಳಿಸತೊಡಗುತ್ತದೆ. ನಾಟಕದ ಹಾಡುಗಳಲ್ಲಿ ಪಾತ್ರಧಾರಿ ಬದಲಾದರೆ ಮನೆಯೂ ಬದಲಾಗುವುದು ನಿತ್ಯದ ಮಾತಾದ್ದರಿಂದ, ಸ್ವಿಚ್‌ಗಳನ್ನು ಬೇರೆ ಟ್ರ್ಯಾಕಿನಲ್ಲಿಡುವುದು ಅಥವಾ ಕ್ಯೂಬೇಸ್, ಲಾಜಿಕ್‌ನಂಥ ಧ್ವನಿಮುದ್ರಣ ತಂತ್ರಾಂಶಗಳಲ್ಲಿ ಇರುವಂತೆ ನುಡಿಸುವ ಬಗೆಯನ್ನು ಸ್ವರಕ್ಕೇ ಅಂಟಿಸುವ ಸೌಲಭ್ಯ ಬಳಸುವುದು ಕ್ಷೇಮ.

ಕನ್ನಡ ನಾಡಿನ ಸಂಗೀತಕ್ಕೆ ಈ ತಂತ್ರಾಂಶವನ್ನು ಒಗ್ಗಿಸುವಾಗ ನಿಜವಾದ ಪರೀಕ್ಷೆ ಪಿಚ್ ಬೆಂಡಿನಲ್ಲಿ. ಪಾಶ್ಚಾತ್ಯ ವಾದ್ಯವೃಂದದ ಬರವಣಿಗೆಯಲ್ಲಿ ಅದಕ್ಕೆ ಕೆಲಸ ಕಡಿಮೆ, ಹೀಗಾಗಿ ಲೈಬ್ರರಿ ಮಾಡಿದವರು ಅದರ ಬಗ್ಗೆ ತಲೆ ಕೆಡಿಸಿಕೊಂಡಿರುವುದು ಅಪರೂಪ. ಬೆಂಡ್ ಚಕ್ರಕ್ಕೆ 16,384 ಮೆಟ್ಟಿಲುಗಳಿವೆ, ನಟ್ಟನಡುವಿನದು 8,192. ರೂಢಿಯ ವ್ಯಾಪ್ತಿ ಮೇಲಕ್ಕೆ ಎರಡು ಅರ್ಧಸ್ವರ, ಕೆಳಕ್ಕೆ ಎರಡು. ಪೇಟಿಯ ಸಮಶ್ರುತಿಯ ತೀವ್ರ ಗಾಂಧಾರ ಷಡ್ಜದಿಂದ 400 ಸೆಂಟ್ (ಅರ್ಧಸ್ವರದ ನೂರನೆಯ ಒಂದು ಭಾಗವೇ ಸೆಂಟ್) ದೂರದಲ್ಲಿದ್ದರೆ, ತಂಬೂರಿಯೊಂದಿಗೆ ಕೂಡಿಕೊಳ್ಳುವ ಶುದ್ಧ ಗಾಂಧಾರ 386ರಲ್ಲಿದೆ. ಆ 14 ಸೆಂಟನ್ನು ತಗ್ಗಿಸಲು ಚಕ್ರವನ್ನು ನಡುವಿನಿಂದ ಸುಮಾರು 573 ಮೆಟ್ಟಿಲು ಇಳಿಸಿದರೆ ಸಾಕು. ಪೇಟಿಗೆ ಅಸಾಧ್ಯವಾಗಿದ್ದ ಕೆಲಸ ಇಲ್ಲಿ ಒಂದು ಗೆರೆಯಿಂದ ಆಗುತ್ತದೆ.

ಮೀಂಡಿನ ಕಥೆ ಬೇರೆ. ತುಂಬ ಲೈಬ್ರರಿಗಳಲ್ಲಿ ಬೆಂಡ್ ಎಂದರೆ ಧ್ವನಿಮುದ್ರಿತ ತುಣುಕನ್ನು ವೇಗವಾಗಿಯೋ ನಿಧಾನವಾಗಿಯೋ ಓಡಿಸುವುದು. ಎರಡು ಅರ್ಧಸ್ವರ ಮೇಲೆತ್ತಿದರೆ ವೇಗ ಶೇಕಡಾ 12ರಷ್ಟು ಹೆಚ್ಚುತ್ತದೆ. ಆಗ ತುಣುಕಿನೊಳಗೆ ಸೆಕೆಂಡಿಗೆ ಆರು ಸಲ ಇದ್ದ ಕಂಪನ 6.7 ಆಗುತ್ತದೆ, ವಾದ್ಯದ ಮರದ ಒಡಲಿನ ಅನುರಣನವೂ ಮೇಲಕ್ಕೆ ಸರಿದು ಪಿಟೀಲು ಚಿಕ್ಕದಾದಂತೆ ಕೇಳುತ್ತದೆ. ಮೊದಲು ಮಾಡಬೇಕಾದ್ದು ಕಂಪನವಿಲ್ಲದ ಮುದ್ರಣವನ್ನು ಆರಿಸಿಕೊಳ್ಳುವುದು, ಅಥವಾ ಕಂಪನದ ನಿಯಂತ್ರಕವನ್ನು ಸೊನ್ನೆಗೆ ಇಳಿಸುವುದು. ದರಬಾರಿಯ ಗಾಂಧಾರ ರಿಷಭದ ಕಡೆ ವಾಲಿಕೊಂಡು ನಿಧಾನವಾಗಿ ತೂಗುವ ಸ್ವರ. ಸಾಮಾನ್ಯ ಕೋಮಲ ಗಾಂಧಾರಕ್ಕಿಂತ ತಗ್ಗಿನಲ್ಲಿರುತ್ತದೆ. ಅದನ್ನು ಬಿಡಿಸಲು ಕೋಮಲ ಗಾಂಧಾರದ ಮನೆಯನ್ನೇ ಒತ್ತಿ, ಚಕ್ರವನ್ನು ನಡುಗೆರೆಯ ಕೆಳಗೇ ಇಟ್ಟುಕೊಂಡು ತೂಗಬೇಕು. ಕೈ ಬಿಟ್ಟರೆ ಸ್ಪ್ರಿಂಗು ಚಕ್ರವನ್ನು ನಡುವಿಗೆ ಎಳೆದು ಸ್ವರವನ್ನು ಏರಿಸಿಬಿಡುತ್ತದೆ. ಸ್ವರ ಕೆಳಗಿಳಿದಾಗ ಸಿಸಿ 11ನ್ನು ಒಂದಿಷ್ಟು ತಗ್ಗಿಸಿ, ಮೇಲೆ ಬಂದಾಗ ತುಂಬಿದರೆ ತೂಗಾಟ ಕಂಠಕ್ಕೆ ಹತ್ತಿರವಾಗುತ್ತದೆ. ಮಿಡಿಯ ಮೂಲ ನಿಯಮದಲ್ಲಿ ಬೆಂಡ್ ಇಡೀ ಚಾನೆಲ್ಲಿಗೆ ಅನ್ವಯಿಸುವುದರಿಂದ, ಕೆಳಗೆ ಹಿಡಿದ ಷಡ್ಜವೂ ಗಾಂಧಾರದ ಜೊತೆ ತೂಗುತ್ತದೆ. ಶ್ರುತಿಗೆ ಒಂದು ಚಾನೆಲ್, ರಾಗಕ್ಕೆ ಇನ್ನೊಂದು ಎಂದು ಬೇರ್ಪಡಿಸುವುದೇ ದಾರಿ.

ಈ ಸೀಮೆಯದೇ ಒಂದು ವಾದ್ಯ ಸ್ಯಾಂಪಲ್ ವಿಧಾನದ ಮಿತಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ಜಾತ್ರೆಗೆ ಬರುವ ಜೋಗತಿಯರ ಕೈಯಲ್ಲಿ ಚೌಡಿಕೆ ಇರುತ್ತದೆ. ಹಗರಿಬೊಮ್ಮನಹಳ್ಳಿಗೆ ಹತ್ತಿರದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರ ಪದ್ಮಶ್ರೀ ಬಂದ ಮೇಲೆ ಜೋಗತಿ ನೃತ್ಯವೂ ಅದರ ವಾದ್ಯಗಳೂ ದೂರದೂರಿನವರಿಗೆ ಪರಿಚಯವಾದವು. ಚೌಡಿಕೆಯ ಒಡಲು ಟೊಳ್ಳು ಮರ, ಒಂದು ಬಾಯಿಗೆ ಚರ್ಮ, ಚರ್ಮದ ನಡುವಿನಿಂದ ಹೊರಟ ತಂತಿ. ತಂತಿಯ ಬಿಗಿತ ನುಡಿಸುವವರ ಹಿಡಿತದಲ್ಲಿ. ಮೀಟಿದ ಮೇಲೆ ಬಿಗಿದರೆ ನಾದ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ, ಮುಂದಿನ ಮೀಟಿಗೆ ಬಿಗಿತ ಮತ್ತೆ ಬೇರೆ. ಇಂಥ ವಾದ್ಯಕ್ಕೆ ಸ್ಥಿರವಾದ ಸ್ವರಗಳ ಪಟ್ಟಿಯೇ ಇಲ್ಲ. ಹನ್ನೆರಡು ಮನೆಗಳಿಗೆ ಹನ್ನೆರಡು ಮೀಟುಗಳನ್ನು ಕೂರಿಸಿ ಬೆಂಡ್ ಚಕ್ರ ಕೊಟ್ಟರೆ ಚೌಡಿಕೆಯ ಹೆಣ ಸಿಗುತ್ತದೆ. ಇಡೀ ನಡೆಗಳನ್ನೇ ಬೇರೆ ಬೇರೆ ಲಯದಲ್ಲಿ ಧ್ವನಿಮುದ್ರಿಸಿಕೊಂಡು, ಅವುಗಳ ನಡುವೆ ಬದಲಾಯಿಸಲು ಕೀಸ್ವಿಚ್, ಸದ್ದಿಗೆ ಸಿಸಿ 11 ಇಷ್ಟನ್ನೇ ಇಟ್ಟುಕೊಳ್ಳುವುದು ಹೆಚ್ಚು ಪ್ರಾಮಾಣಿಕ. ಜೋಗತಿಯೊಬ್ಬರನ್ನು ಕರೆಸಿ, ಸಂಭಾವನೆ ಕೊಟ್ಟು ನುಡಿಸಿಕೊಳ್ಳುವುದು ಇನ್ನೂ ಉತ್ತಮ.

ಊದುವ ವಾದ್ಯಗಳಿಗೆ ಉಸಿರಿನ ನಿಯಂತ್ರಕವೇ ಸಹಜ. ಬಾಯಲ್ಲಿ ಕಚ್ಚಿಕೊಂಡ ಕೊಳವೆಗೆ ಊದಿದ ಒತ್ತಡ ಸಿಸಿ 2 ಆಗಿ ತಂತ್ರಾಂಶಕ್ಕೆ ಹೋಗುತ್ತದೆ. 1980ರ ದಶಕದ ಆರಂಭದಿಂದಲೇ ಯಮಹಾ ಇಂಥ ಸಾಧನ ಮಾರಿತು. ಇದರ ದೊಡ್ಡ ಉಪಕಾರವೆಂದರೆ ನುಡಿಸುವವರ ಉಸಿರು ಮುಗಿದಾಗ ಸಾಲೂ ಮುಗಿಯುವುದು. ಚಕ್ರದಲ್ಲಿ ನುಡಿಸಿದ ಕೊಳಲು ಉಸಿರೆಳೆದುಕೊಳ್ಳದೆ ನಿಮಿಷಗಟ್ಟಲೆ ಸಾಗಿದರೆ, ಕಾರಣ ಗೊತ್ತಾಗದಿದ್ದರೂ ಕೇಳುಗರಿಗೆ ಕಿರಿಕಿರಿಯಾಗುತ್ತದೆ.

ಗುಂಪಿನಲ್ಲಿ ನುಡಿಸುವಾಗ ಲೆಕ್ಕ ಬದಲಾಗುತ್ತದೆ. ಹದಿನಾರು ಪಿಟೀಲುಗಳ ಮುದ್ರಣದಲ್ಲಿ ಮೂರು ಸ್ವರಗಳ ಕಾರ್ಡ್ ಹಿಡಿದರೆ 48 ಜನ ಕೂತಂತಾಗುತ್ತದೆ. ಸಿಸಿ 11ನ್ನು ಇಳಿಸಬೇಕು, ಇಲ್ಲವೇ ಚಿಕ್ಕ ಗುಂಪಿನ ಮುದ್ರಣ ಬಳಸಬೇಕು. ಉದ್ದ ಎಳೆತದ ಸ್ವರಗಳು ಮನೆ ಒತ್ತಿದೊಡನೆ ಮೂಡುವುದಿಲ್ಲ, ಸ್ವರಸಂಧಿಯ ಮುದ್ರಣಗಳಂತೂ ಇನ್ನೂ ತಡ. ಸ್ಟುಡಿಯೊದಲ್ಲಿ ಆ ಟ್ರ್ಯಾಕನ್ನು ಅಷ್ಟೇ ಮುಂಚಿತವಾಗಿ ಹೊರಡಿಸಿ ತಾಳಕ್ಕೆ ಕೂಡಿಸುತ್ತಾರೆ. ಪಿಯಾನೊ ಕಲಿತವರ ಕಾಲು ಅಭ್ಯಾಸಬಲದಿಂದ ಸಸ್ಟೇನ್ ಪೆಡಲಿನ ಮೇಲೆ ಹೋಗುತ್ತದೆ. ಪಿಟೀಲಿನ ಮುದ್ರಣದಲ್ಲಿ ಅದರಿಂದ ಹಿಂದಿನ ಸ್ವರಗಳೆಲ್ಲ ನಿಂತು ಕಲಸಿಹೋಗುತ್ತವೆ.

ಜಾತ್ರೆಯ ರಂಗಮಂಚದ ಅಗತ್ಯಗಳು ಬೇರೆ. ನಟ ಎಲ್ಲಿ ಮಾತು ಎಳೆಯುತ್ತಾನೆ, ಒನ್ಸ್‌ಮೋರ್ ಯಾವಾಗ ಬರುತ್ತದೆ ಎಂಬುದು ಮೊದಲೇ ತಿಳಿದಿರುವುದಿಲ್ಲವಾದ್ದರಿಂದ ಮುಂಚಿತವಾಗಿ ಹೊರಡಿಸುವ ಉಪಾಯ ಅಲ್ಲಿ ನಡೆಯದು. ಬೇಗ ಮೂಡುವ ಮುದ್ರಣಗಳನ್ನು ಆರಿಸಿಕೊಂಡು, ಕಂಪ್ಯೂಟರು ಧ್ವನಿಯನ್ನು ಹೊರಬಿಡುವ ಮೊದಲು ಕೂಡಿಡುವ ಬಫರನ್ನು 128 ಸ್ಯಾಂಪಲ್‌ಗೆ ಇಳಿಸಬೇಕಾಗುತ್ತದೆ, 44.1 ಕಿಲೊಹರ್ಟ್ಸ್‌ನಲ್ಲಿ ಅದು 2.9 ಮಿಲಿಸೆಕೆಂಡಿನ ತಡ, ಕಿವಿಗೆ ತಿಳಿಯದಷ್ಟು. ಅಗ್ಗದ ಕೀಬೋರ್ಡುಗಳಲ್ಲಿ ಪಿಚ್ ಬೆಂಡ್ ಚಕ್ರವಿದ್ದರೂ ಮಾಡ್ಯುಲೇಶನ್ ಚಕ್ರ ಇರದಿರುವುದು ಸಾಮಾನ್ಯ. ಭಾರತಕ್ಕೆಂದೇ ಯಮಹಾ ತಂದ ಪಿಎಸ್ಆರ್-ಐ ಸರಣಿಯಲ್ಲಿ ದೇಶಿ ವಾದ್ಯಗಳ ಧ್ವನಿ, ತಾಳಗಳಿವೆ. ಆದರೆ ಉದ್ದ ಸ್ವರಗಳಿಗೆ ಪದರಗಳ ಆಳ ನಿರೀಕ್ಷಿಸುವಂತಿಲ್ಲ. ಲ್ಯಾಪ್‌ಟಾಪಿಗೆ ಚಿಕ್ಕ ಮಿಡಿ ಕೀಬೋರ್ಡು ಮತ್ತು ಒಂದು ಎಕ್ಸ್‌ಪ್ರೆಶನ್ ಪೆಡಲ್ ಜೋಡಿಸಿ, ಪೆಡಲನ್ನು ಸಿಸಿ 1 ಮತ್ತು 11 ಎರಡಕ್ಕೂ ಕೊಟ್ಟುಬಿಡುವುದು ರಂಗಕ್ಕೆ ಒಗ್ಗುವ ಏರ್ಪಾಡು. ಸ್ಟುಡಿಯೊದ ಶಿಸ್ತಿಗೆ ಇದು ವಿರುದ್ಧವೆನಿಸಿದರೂ ಬಲ, ಬಣ್ಣ ಎರಡೂ ಕಾಲಿನಡಿಗೆ ಬರುತ್ತವೆ, ಎರಡೂ ಕೈ ಬಿಡುವಾಗುತ್ತವೆ. ಸ್ಪಿಟ್‌ಫೈರ್ ಕಂಪನಿಯ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಲೈಬ್ರರಿಯ ದೊಡ್ಡ ಆವೃತ್ತಿ ನೂರಾರು ಗಿಗಾಬೈಟ್ ಬೇಡಿದರೆ, 2020ರಲ್ಲಿ ಬಂದ ಅದರ ಡಿಸ್ಕವರ್ ಆವೃತ್ತಿ ಕೆಲವೇ ನೂರು ಮೆಗಾಬೈಟಿನಲ್ಲಿ ಕೂರುತ್ತದೆ. ಕಲಿಕೆಗೂ ಹಳ್ಳಿಯ ರಂಗಕ್ಕೂ ಅಷ್ಟು ಸಾಕು.

ಜೀವಂತ ಪಾಶ್ಚಾತ್ಯ ವಾದ್ಯವೃಂದ ಕನ್ನಡ ನಾಡಿನಲ್ಲಿ ಬೆಳೆದದ್ದು ರಾಜಾಶ್ರಯದಲ್ಲಿ. ಮೈಸೂರು ಅರಮನೆಯ ವಾದ್ಯವೃಂದವನ್ನು ಆಟೊ ಶ್ಮಿಟ್ ನಡೆಸಿದರು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ಇಂದು ಭಾರತೀಯ ಚಿತ್ರಗಳಿಗೆ ದೊಡ್ಡ ವಾದ್ಯವೃಂದ ಬೇಕಾದಾಗ ಬುಡಾಪೆಸ್ಟ್, ಸ್ಕೋಪ್ಯೆಯಂಥ ನಗರಗಳ ಕಲಾವಿದರನ್ನು ಅಂತರ್ಜಾಲದ ಮೂಲಕ ನುಡಿಸಿಕೊಳ್ಳುವುದುಂಟು. ಅಲ್ಲಿಗೆ ಕಳಿಸುವ ಮೊದಲು ಸಂಗೀತ ಹೇಗೆ ಕೇಳುತ್ತದೆ ಎಂದು ನಿರ್ದೇಶಕರಿಗೆ ತೋರಿಸುವ ನಕಲು ತಯಾರಾಗುವುದು ಸ್ಯಾಂಪಲ್ ಲೈಬ್ರರಿಯಲ್ಲೇ. ಹಣ ಸಾಲದಿದ್ದರೆ ಆ ನಕಲೇ ಅಂತಿಮ ಸಂಗೀತವಾಗುತ್ತದೆ.

ಮೀಂಡಿನ ಮಾತಿನಲ್ಲಿ ಬಂದ, ಚಾನೆಲ್ಲಿಗೊಂದೇ ಬೆಂಡ್ ಎಂಬ ತೊಡಕನ್ನು ಬಿಡಿಸಲು 2018ರಲ್ಲಿ ಎಂಪಿಇ ಎಂಬ ಪೂರಕ ನಿಯಮ ಜಾರಿಗೆ ಬಂತು. ಅದರಲ್ಲಿ ಪ್ರತಿ ಸ್ವರಕ್ಕೂ ಪ್ರತ್ಯೇಕ ಚಾನೆಲ್ ಕೊಟ್ಟು, ಒಂದೊಂದು ಬೆರಳಿಗೂ ತನ್ನದೇ ಜಾರು, ತನ್ನದೇ ಒತ್ತಡ ಒದಗಿಸಲಾಗುತ್ತದೆ. 2020ರ ಮಿಡಿ 2.0 ಒಪ್ಪಂದ 127ರ ಮಿತಿಯನ್ನು ಬಿಟ್ಟು ನಿಯಂತ್ರಕಗಳಿಗೆ 32 ಬಿಟ್, ವೆಲಾಸಿಟಿಗೆ 16 ಬಿಟ್ ಕೊಟ್ಟಿತು. ಸ್ವರಕ್ಕೊಂದು ನಿಯಂತ್ರಕ ಅದರಲ್ಲಿ ಮೂಲನಿಯಮವೇ ಆಗಿದೆ. ವಾದ್ಯವೃಂದದ ಲೈಬ್ರರಿಗಳಲ್ಲಿ ಹೆಚ್ಚಿನವು ಇನ್ನೂ ಹಳೆಯ ಒಪ್ಪಂದದ ಮೇಲೆಯೇ ಕಟ್ಟಿದವು. ಹಾಗಾಗಿ ಪಿಟೀಲಿನ ಗುಂಪಿನಲ್ಲಿ ಷಡ್ಜ ಹಿಡಿದು ಗಾಂಧಾರ ತೂಗಬೇಕೆನ್ನುವವರು ಸದ್ಯಕ್ಕೆ ಎರಡು ಚಾನೆಲ್ಲುಗಳಲ್ಲೇ ಕೆಲಸ ಮಾಡಬೇಕಾಗಿದೆ.